ಬರ್ಲಿನ್‌ಗೆ ಓದಲು ಹೊರಟಿದ್ದೇನೆ, ಮೊದಲು ಯಾವುದಕ್ಕೆ ತಲೆ ಕೆಡಿಸಿಕೊಳ್ಳಲಿ?

ಪ್ರಶ್ನೆ, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ನನ್ನ ಎಂ.ಎಸ್. ಶುರು. ವೀಸಾ ಆಯಿತು, ಅದಕ್ಕೆಂದು ಅಲ್ಲಿನ ಖರ್ಚಿನ ದುಡ್ಡು ಮುಂಚೆಯೇ ಇಟ್ಟು ತೋರಿಸಬೇಕಾದ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೋ ಹಾಕಿದ್ದೂ ಆಯಿತು (ಅಪ್ಪ ಅದನ್ನು ರೂಪಾಯಿಗೆ ಲೆಕ್ಕ ಹಾಕಿ ಇನ್ನೂ ನಿಟ್ಟುಸಿರು ಬಿಡುತ್ತಿದ್ದಾರೆ). ರೂಮು ಮಾತ್ರ ಸಿಕ್ಕಿಲ್ಲ. ನಮ್ಮ ಮನೆಯಿಂದ ಹೊರದೇಶಕ್ಕೆ ಹೊರಟ ಮೊದಲ ಹುಡುಗ ನಾನೇ. ಅಲ್ಲಿರುವವರು, ಇದ್ದು ಬಂದವರು ಮೊದಲ ಎರಡು ತಿಂಗಳು ಹೇಗಿತ್ತು ಅಂತ ಹೇಳಿ. ಯಾವುದು ನಿಜವಾಗಿ ಕಾಡಿತು, ಯಾವುದಕ್ಕೆ ಸುಮ್ನೆ ಹೆದರಿದಿರಿ?

ಐದು ವರ್ಷದಿಂದ ಅಲ್ಲಿರುವವರು, ಊರು ಹಾಸನ:

ತಮ್ಮಾ, ಮನೆಗೆ ಹೋದ ದಿನವೇ ಕೆಳಗಿನ ಲೆಟರ್ ಬಾಕ್ಸ್ ಮೇಲೆ ಹೆಸರು ಅಂಟಿಸು. ನಗಬೇಡ. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಹಾಗೆ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಇಲ್ಲ, ಪೋಸ್ಟ್‌ಮ್ಯಾನ್ ಡಬ್ಬದ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ, ಹೆಸರಿಲ್ಲ ಅಂದರೆ ಕಾಗದ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್.

ನನಗೆ ಆದದ್ದು ಹೀಗೆ. ಜೊತೆಗಿದ್ದ ಹುಡುಗರು ಪ್ರೀತಿಯಿಂದ ನನ್ನ ಹೆಸರು ಬರೆದು ಅಂಟಿಸಿದ್ದರು. ಆದರೆ ಪಾಸ್‌ಪೋರ್ಟ್‌ನಲ್ಲಿ ನನ್ನ ಸರ್‌ನೇಮ್ ಜಾಗದಲ್ಲಿ ಇರುವುದು ಅಪ್ಪನ ಹೆಸರು, ನಮ್ಮ ಕಡೆ ಸುಮಾರು ಜನರದ್ದು ಹಾಗೇ ಅಲ್ವಾ. ಬ್ಯಾಂಕಿನವರು, ಇನ್ಶೂರೆನ್ಸಿನವರು, ಎಲ್ಲರೂ ಬರೆಯುವುದು ‘ಹೆರ್’ (ನಮ್ಮ ‘ಶ್ರೀ’ ಇದ್ದ ಹಾಗೆ) ಅಂತ ಹಾಕಿ ಅಪ್ಪನ ಹೆಸರಿಗೆ. ಕಾರ್ಡ್ ಒಂದು ಕವರಿನಲ್ಲಿ ಬರುತ್ತದೆ, ಪಿನ್ ಬೇರೆ ಕವರಿನಲ್ಲಿ. ಎರಡೂ ವಾಪಸ್ ಹೋದವು. ಮೂರು ವಾರ ಗೆಳೆಯರ ಹತ್ತಿರ ಸಾಲ ಮಾಡಿ ತಿಂದೆ. ಕೊನೆಗೆ ಅಪ್ಪನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಹಾಸನ ಬಿಟ್ಟು ಎಲ್ಲೂ ಇರದ ಅಪ್ಪನಿಗೆ ಬರ್ಲಿನ್‌ನಲ್ಲಿ ಒಂದು ಲೆಟರ್ ಬಾಕ್ಸ್!

ಇದನ್ನು ಇಷ್ಟು ಎಳೆದು ಹೇಳಿದ್ದು ಯಾಕೆಂದರೆ ಅಲ್ಲಿ ಎಲ್ಲ ಕೆಲಸವೂ ವಿಳಾಸದಿಂದಲೇ ಶುರು. ಮನೆಗೆ ಹೋದ 14 ದಿನದೊಳಗೆ ಬ್ಯುರ್ಗರ್‌ಆಮ್ಟ್ ಅನ್ನುವ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಟ್ಯಾಕ್ಸ್ ನಂಬರ್ ಅದಾದ ಮೇಲೆ ಪೋಸ್ಟ್‌ನಲ್ಲೇ ಬರುತ್ತದೆ. ನೋಂದಣಿಗೆ ಮನೆ ಕೊಟ್ಟವರ ಸಹಿ ಇರುವ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್, ಒಂದೇ ಉಸಿರಲ್ಲಿ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ರೂಮು ನೋಡುವಾಗ ಬಾಡಿಗೆಗಿಂತ ಮೊದಲು ‘ಅನ್‌ಮೆಲ್ಡುಂಗ್ ಆಗುತ್ತದಾ’ ಅಂತ ಕೇಳು. ಆಗಲ್ಲ ಅಂದರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡು. ಇನ್ನು ಅಪಾಯಿಂಟ್‌ಮೆಂಟ್, ಅದು ನಮ್ಮ ತತ್ಕಾಲ್ ಟಿಕೆಟ್ ಇದ್ದ ಹಾಗೆ. ಬೆಳಿಗ್ಗೆ ಎದ್ದು ಪೇಜ್ ರಿಫ್ರೆಶ್ ಮಾಡುತ್ತಾ ಕೂರಬೇಕು, ಯಾರೋ ರದ್ದು ಮಾಡಿದ್ದು ಸಿಗುತ್ತದೆ. ನಿನ್ನ ಏರಿಯಾದ ಕಚೇರಿಯೇ ಆಗಬೇಕಿಲ್ಲ, ಊರಿನ ಯಾವ ಮೂಲೆಯದಾದರೂ ನಡೆಯುತ್ತದೆ.

ಎರಡು ವರ್ಷ ಇದ್ದು ಬಂದವಳು, ಧಾರವಾಡ:

ಅಣ್ಣಾವ್ರು ಹೇಳಿದ್ದು ಸರಿ, ಆದರೆ ದುಡ್ಡಿನ ಮಾತು ಬಿಟ್ಟುಬಿಟ್ಟರು. ಬ್ಲಾಕ್ಡ್ ಅಕೌಂಟ್‌ನಲ್ಲಿ ಎಷ್ಟಿದ್ದರೂ ಕೈಗೆ ಸಿಗುವುದು ತಿಂಗಳಿಗೆ 992 ಯೂರೋ ಮಾತ್ರ, ಅದೂ ಅಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆ. ಮನೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಈ ಎರಡೂ ಒಟ್ಟಿಗೆ ಬಂದಾಗ ನಾನು ಕಣ್ಣೀರು ಹಾಕಿದ್ದೇನೆ. ಅಡ್ವಾನ್ಸಿಗೆ, ಮೊದಲ ತಿಂಗಳಿಗೆ ಅಂತ ಬೇರೆಯೇ ದುಡ್ಡು ಇಟ್ಟುಕೊಂಡು ಹೋಗಿ.

ಅಂದ ಹಾಗೆ, ನಾನು ಒಂದು ಸಲ ಮೋಸ ಹೋಗಿದ್ದೇನೆ. ಚಂದದ ರೂಮು, ಬಾಡಿಗೆ ಕಡಿಮೆ, ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀಲಿ ಪೋಸ್ಟ್‌ನಲ್ಲಿ ಕಳಿಸುತ್ತೇನೆ’ ಅಂತ ಇಮೇಲ್. ಕೀಲಿ ಇವತ್ತಿಗೂ ಬಂದಿಲ್ಲ. ರೂಮು ನೋಡದೆ, ಇಲ್ಲವೇ ನಂಬಿಕಸ್ಥರೊಬ್ಬರಿಂದ ನೋಡಿಸದೆ ಒಂದು ಪೈಸೆ ಹಾಕಬೇಡಿ. ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿ ಇವತ್ತೇ ಹಾಕಿ, ಸರದಿ ತುಂಬಾ ಉದ್ದ.

ಊಟದ ಚಿಂತೆ ಸುಳ್ಳೇ. ಮೆನ್ಸಾ ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನ್, ಬರ್ಲಿನ್‌ನಲ್ಲಿ 2021ರಿಂದ ಅಲ್ಲಿ ಮಾಂಸದ ಅಡುಗೆಯೇ ಕಡಿಮೆ. ಅಕ್ಕಿ, ಬೇಳೆ ಎಲ್ಲ ಸಿಗುತ್ತದೆ. ಚಿಕ್ಕ ಕುಕ್ಕರ್, ಅಮ್ಮ ಮಾಡಿದ ಸಾರಿನ ಪುಡಿ, ಇಷ್ಟು ಸಾಕು. ಹಾಲಿನ ಪದಾರ್ಥ ಮಾತ್ರ ಹೊರಗಿನಿಂದ ತರುವ ಹಾಗಿಲ್ಲ, ಯುರೋಪಿಯನ್ ಒಕ್ಕೂಟದ ನಿಯಮ. ತುಪ್ಪ, ಪೇಡ ಎರಡೂ ಬೇಡ. ಬೆಣ್ಣೆಯೂ ಬೇಡ, ದಾವಣಗೆರೆಯವರಿಗೆ ಕಷ್ಟವೇ!

ಮಂಗಳೂರು ಕಡೆಯವರು:

ಚಿಕ್ಕ ಚಿಕ್ಕದು ಹೇಳಿಬಿಡುತ್ತೇನೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರ ಸಂಜೆಯೇ ಸಾಮಾನು ತಂದಿಡಿ. ನಾನು ಇಳಿದದ್ದೇ ಭಾನುವಾರ, ಆ ದಿನ ಪೂರ್ತಿ ಚಕ್ಕುಲಿ ತಿಂದೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೆಟ್ರೋದಲ್ಲಿ ಗೇಟ್ ಇಲ್ಲ, ಹಾಗಂತ ಟಿಕೆಟ್ ಇಲ್ಲದೆ ಹತ್ತಿದರೆ 60 ಯೂರೋ ದಂಡ. ಖಾಲಿ ಪ್ಲಾಸ್ಟಿಕ್ ಬಾಟಲ್ ಎಸೆಯಬೇಡಿ, ಅಂಗಡಿಯ ಮೆಷಿನ್‌ಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಟಿವಿ, ರೇಡಿಯೋ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಕೇಳಿ ಕಾಗದ ಬರುತ್ತದೆ, ಟಿವಿ ಇಲ್ಲದಿದ್ದರೂ ಬರುತ್ತದೆ. ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರ್ ಬರೆದು ಉತ್ತರ ಕೊಡಿ, ಸುಮ್ಮನಿರಬೇಡಿ.

ಕಳೆದ ವರ್ಷ ಹೋದವನು, ಮೈಸೂರು:

ಜರ್ಮನ್ ಬರಲ್ಲ ಅಂತ ನಾನು ಜಾಸ್ತಿ ಹೆದರಿದ್ದೆ, ಅಂಗಡಿಯಲ್ಲಿ, ಕ್ಲಾಸಿನಲ್ಲಿ ಅದೇನೂ ಅಷ್ಟು ಕಾಡಲಿಲ್ಲ (ಸರ್ಕಾರಿ ಕಚೇರಿಯ ಕೌಂಟರ್ ಬೇರೆ ಮಾತು, ಅಲ್ಲಿಗೆ ಜರ್ಮನ್ ಬರುವವರನ್ನು ಕರೆದುಕೊಂಡು ಹೋಗಿ). ಕಾಡಿದ್ದು ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕ್ಲಾಸ್ ಮುಗಿಸಿ ಹೊರಗೆ ಬಂದರೆ ರಾತ್ರಿ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಊರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾನು ಆರಕ್ಕೆ ರೂಮಿಗೆ ಬಂದು ಫೋನ್ ಮಾಡಿದರೆ ಅಮ್ಮ ನಿದ್ದೆಗಣ್ಣಲ್ಲಿ ‘ಊಟ ಆಯ್ತಾ’ ಅನ್ನುತ್ತಿದ್ದರು.

ಒಂದು ದಿನ ತಪ್ಪು ರೈಲು ಹತ್ತಿದೆ. ಬರ್ಲಿನ್ ಸುತ್ತ ರಿಂಗ್‌ಬಾನ್ ಅಂತ ಇದೆ, ಊರಿನ ಸುತ್ತ ಒಂದು ಸುತ್ತು ಬರಲು ಸರಿಯಾಗಿ ಒಂದು ಗಂಟೆ. ಎಸ್41 ಪ್ರದಕ್ಷಿಣೆ, ಎಸ್42 ಅಪ್ರದಕ್ಷಿಣೆ. ನಾನು ಎರಡನೆಯದರಲ್ಲಿ ಕೂತು ಮೂರು ಸ್ಟಾಪಿನ ದಾರಿಗೆ ಇಡೀ ಊರು ಸುತ್ತಿದೆ. ಒಳಗೆ ಬೆಚ್ಚಗಿತ್ತು, ಕಿಟಕಿಯಾಚೆ ಕಾಲುವೆ, ಸರಕು ಗಾಡಿಗಳು, ಯಾರದ್ದೋ ಅಡುಗೆಮನೆ ದೀಪ. ಆಮೇಲೆ ಬೇಜಾರಾದಾಗೆಲ್ಲ ಬೇಕೆಂದೇ ಹತ್ತುತ್ತಿದ್ದೆ, ಸೆಮಿಸ್ಟರ್ ಟಿಕೆಟ್ (ವಿದ್ಯಾರ್ಥಿಗಳ ಪ್ರಯಾಣದ ಪಾಸ್) ಹೇಗೂ ಇತ್ತಲ್ಲ. ನೀವು ಬಂದ ಮೇಲೆ ಒಂದು ಮಧ್ಯಾಹ್ನ, ಇನ್ನೂ ಬೆಳಕಿರುವಾಗ, ಎಸ್41 ಹತ್ತಿ. ಪ್ರದಕ್ಷಿಣೆಯನ್ನೇ ಹಾಕಿ.

ದಾವಣಗೆರೆಯಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಪಾಸ್‌ಪೋರ್ಟ್ ತೆಗೆದು ನೋಡಿದೆ. ನನ್ನದರಲ್ಲೂ ಸರ್‌ನೇಮ್ ಅಪ್ಪನದೇ. ಅವರಿಗೆ ಹೇಳಿದೆ, ‘ಹಾಗಾದ್ರೆ ಬಾಡಿಗೆಯಲ್ಲಿ ಅರ್ಧ ನನ್ನದು’ ಅಂದರು.