ಮೂಕಿ ಚಿತ್ರಗಳೂ ಹಳೆಯ ಕಾರ್ಟೂನ್‌ಗಳೂ ಇಂದಿಗೂ ಹಿಡಿದು ಕೂರಿಸುವುದು ಯಾವುದರಿಂದ?

ಪ್ರಶ್ನೆ: ಡೊಂಬಿವಲಿ ನಿವಾಸಿ

ಮೂರು ತಲೆಮಾರಿನವರು ಒಟ್ಟಿಗಿರುವ ನಮ್ಮ ಮನೆಯಲ್ಲಿ ಟಿ.ವಿ. ಹಾಕಿದರೆ ಭಾಷೆಯದೇ ತಕರಾರು. ತಾಯಿಯವರಿಗೆ ತುಳು, ಕನ್ನಡ ಬಿಟ್ಟರೆ ಉಳಿದ ಭಾಷೆಗಳು ಅಷ್ಟಕ್ಕಷ್ಟೇ. ಮರಾಠಿ, ಹಿಂದಿಯ ನಡುವೆ ಬೆಳೆದ ಮಗಳಿಗೆ ಕನ್ನಡ ತಿಳಿಯುತ್ತದೆಯಾದರೂ ಧಾರಾವಾಹಿಯ ಮಾತಿನ ಓಟಕ್ಕೆ ಅವಳು ಸಿಗುವುದಿಲ್ಲ. ಆದರೆ ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ (1925) ಹಾಕಿದಾಗ, ಹಸಿದ ಅಲೆಮಾರಿ ಬೂಟನ್ನೇ ಬೇಯಿಸಿ, ಅದರ ಲಾಡಿಯನ್ನು ಫೋರ್ಕಿಗೆ ಸುತ್ತಿಕೊಂಡು, ಮೊಳೆಗಳನ್ನು ಒಂದೊಂದಾಗಿ ಚೀಪುವಲ್ಲಿ ಅಜ್ಜಿ ಮೊಮ್ಮಗಳು ಒಂದೇ ಗಳಿಗೆಯಲ್ಲಿ ನಕ್ಕರು. ‘ಟಾಮ್ ಅಂಡ್ ಜೆರ್ರಿ’ಗೂ ಹೀಗೆಯೇ. ಮಾತಿಲ್ಲ ಎಂಬುದೊಂದೇ ಇದಕ್ಕೆ ಕಾರಣವೆ? ಹಾಗಾದರೆ ಮಾತಿಲ್ಲದ ಈಗಿನ ಎಷ್ಟೋ ಕಾರ್ಟೂನ್‌ಗಳು ಎರಡೇ ದಿನಕ್ಕೆ ಸಪ್ಪೆಯಾಗುವುದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪುಣೆಯ ಓದುಗ

ಮಾತಿಲ್ಲದಿರುವುದು ಬಾಗಿಲು ತೆರೆಯುತ್ತದೆ, ಅಷ್ಟೇ. ಒಳಗೆ ಕೂರಿಸುವುದು ಬೇರೆಯೇ ಒಂದು ಗುಣ: ಏನು ನಡೆಯಿತು, ಏಕೆ ನಡೆಯಿತು ಎಂಬುದೆಲ್ಲ ನಮ್ಮ ಕಣ್ಣೆದುರೇ, ದೃಶ್ಯವನ್ನು ನಡುವೆ ಕತ್ತರಿಸದೆ ನಡೆಯುತ್ತದೆ. ಮೂಕಿ ನಗೆಚಿತ್ರಗಳ ನಟ ಬಸ್ಟರ್ ಕೀಟನ್‌ನ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ನೋಡಿ. ಬಿರುಗಾಳಿಯಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ; ಮಾಳಿಗೆಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬರುವುದರಿಂದ ಅವನು ಉಳಿದುಕೊಳ್ಳುತ್ತಾನೆ. ಅದು ನಿಜವಾಗಿಯೂ ಭಾರವಾದ ಗೋಡೆ, ಕೆಳಗೆ ನಿಂತವನು ನಿಜವಾದ ಕೀಟನ್, ಕಿಟಕಿಯ ಚೌಕಟ್ಟಿಗೂ ಅವನ ಮೈಗೂ ನಡುವೆ ಇದ್ದದ್ದು ಕೆಲವೇ ಅಂಗುಲದ ತೆರಪು. ಕ್ಯಾಮೆರಾ ದೂರದಲ್ಲಿ ನಿಂತು ಗೋಡೆ, ಮನುಷ್ಯ, ನೆಲ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸುತ್ತದೆ. ನಗೆಯ ಮೊದಲು ನಂಬಿಕೆ ಹುಟ್ಟುವುದು ಇಲ್ಲಿ. ‘ಸೇಫ್ಟಿ ಲಾಸ್ಟ್’ನಲ್ಲಿ (1923) ಗಡಿಯಾರದ ಮುಳ್ಳಿಗೆ ಜೋತುಬಿದ್ದ ಹೆರಾಲ್ಡ್ ಲಾಯ್ಡ್, 1919ರಲ್ಲಿ ಚಿತ್ರೀಕರಣದ ಸಾಮಾನೆಂದು ಹಿಡಿದ ಬಾಂಬು ಸಿಡಿದು ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಕಳೆದುಕೊಂಡಿದ್ದವನು, ಕೈಗವಸು ತೊಟ್ಟು ನಟಿಸುತ್ತಿದ್ದ ಎಂಬುದನ್ನು ತಿಳಿದು ಆ ದೃಶ್ಯವನ್ನು ಮತ್ತೊಮ್ಮೆ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಈಗಿನ ಅನೇಕ ಕಾರ್ಟೂನ್‌ಗಳಲ್ಲಿ ಚಿತ್ರಿಕೆಗಳು (ಶಾಟ್‌ಗಳು) ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ. ಬಿದ್ದದ್ದು ಕಾಣುತ್ತದೆ, ಬೀಳುವವರೆಗಿನ ದಾರಿ ಕಾಣುವುದಿಲ್ಲ. ಸಪ್ಪೆಯಾಗುವುದು ಇದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ವಾಸ್ಕೋದಿಂದ

ಪುಣೆಯವರ ಮಾತು ಒಪ್ಪತಕ್ಕದ್ದೇ. ಆದರೆ ಕಾರ್ಟೂನ್‌ಗಳಲ್ಲಿ ಬೀಳುವ ಗೋಡೆಯೂ ಇಲ್ಲ, ಅಪಾಯವೂ ಇಲ್ಲ. ಅಲ್ಲಿ ನಂಬಿಕೆ ಹುಟ್ಟಿಸುವುದು ಚಲನೆಯ ಅಭ್ಯಾಸ ಮತ್ತು ಸಂಗೀತ. ಈ ಎರಡು ಕಲೆಗಳು ಒಂದೇ ಮನೆಯವು. ಫೆಲಿಕ್ಸ್ ಎಂಬ ಬೆಕ್ಕನ್ನು ಬರೆದ ಆಟೋ ಮೆಸ್ಮರ್ ಅದಕ್ಕೂ ಮೊದಲು ಚಾಪ್ಲಿನ್‌ನದೇ ಕಾರ್ಟೂನ್‌ಗಳನ್ನು ಬರೆಯುತ್ತ ಅವನ ನಡಿಗೆ, ನಿಲುವುಗಳನ್ನು ಅಭ್ಯಾಸ ಮಾಡಿದ್ದರು. ಮಿಕ್ಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ (1928) ಎಂಬ ಹೆಸರೇ ಅದೇ ವರ್ಷದ ಕೀಟನ್ ಚಿತ್ರವನ್ನು ನೆನಪಿಸುತ್ತದೆ.

1940ರಲ್ಲಿ ಹ್ಯಾನಾ ಮತ್ತು ಬಾರ್ಬೆರಾ ಜೋಡಿ ಆರಂಭಿಸಿದ ‘ಟಾಮ್ ಅಂಡ್ ಜೆರ್ರಿ’ಗೆ ಸ್ಕಾಟ್ ಬ್ರ್ಯಾಡ್ಲಿ ಸಂಗೀತ ಕೂಡಿಸಿದರು. ಬೆಕ್ಕು ಬೆರಳ ತುದಿಯಲ್ಲಿ ನಡೆದರೆ ತಂತಿವಾದ್ಯವೂ ಅದೇ ಹೆಜ್ಜೆಗೆ ಮಿಡಿಯುತ್ತದೆ, ಮೆಟ್ಟಿಲುರುಳಿದರೆ ಪಿಯಾನೋವೂ ಜೊತೆಗೆ ಉರುಳುತ್ತದೆ. ಯಕ್ಷಗಾನದ ಚೆಂಡೆಯವನು ವೇಷದ ಕಾಲನ್ನು ನೋಡಿಯೇ ಪೆಟ್ಟು ಹಾಕುವಂತೆ ಇದು. ತಮ್ಮ ತಾಯಿಯವರಿಗೆ ಅದು ಸಲೀಸಾಗಿ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಟಾಮ್‌ನ ಆ ಪ್ರಸಿದ್ಧ ಚೀತ್ಕಾರ ವಿಲಿಯಂ ಹ್ಯಾನಾ ಅವರದೇ ದನಿ.

ಒಂದು ಮಾತನ್ನು ಸೇರಿಸಲೇಬೇಕು. ಆ ಕಾಲದ ಕೆಲವು ಕಂತುಗಳಲ್ಲಿ ಕರಿಯ ಜನರನ್ನು ಹೀನವಾಗಿ ಚಿತ್ರಿಸಿದ್ದಾರೆ. ಮಕ್ಕಳ ಜೊತೆ ಕೂತು ನೋಡುವ ಹಿರಿಯರು ಅದನ್ನು ಸುಮ್ಮನೆ ದಾಟಿಸದೆ, ಇದು ತಪ್ಪು ಎಂದು ಹೇಳಿಯೇ ಮುಂದೆ ಹೋಗಬೇಕು.

ಉತ್ತರ: ಮಾಟುಂಗದ ಹಳಬ

ಮೇಲಿನ ಇಬ್ಬರೂ ಬೀಳುವುದು, ಓಡುವುದನ್ನೇ ಹೇಳಿದರು. ಮುಖದ ಮಾತು ಯಾರೂ ಎತ್ತಲಿಲ್ಲ. ‘ಸಿಟಿ ಲೈಟ್ಸ್’ನಲ್ಲಿ (1931) ಕುರುಡಿಯಾದ ಹೂವಾಡಗಿತ್ತಿ ಅಲೆಮಾರಿಯನ್ನು ಸಾಹುಕಾರನೆಂದು ತಿಳಿಯಬೇಕು, ಅದೂ ಮಾತಿನ ನೆರವಿಲ್ಲದೆ. ಚಾಪ್ಲಿನ್ ಆ ದೃಶ್ಯವನ್ನು ನೂರಾರು ಸಲ ತೆಗೆದ. ಕೊನೆಗೆ ಸಿಕ್ಕಿದ ಉಪಾಯ ಇಷ್ಟು: ಪೊಲೀಸನನ್ನು ತಪ್ಪಿಸಲು ಅಲೆಮಾರಿ ನಿಂತ ಕಾರಿನ ಒಂದು ಬಾಗಿಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತಾನೆ, ಬಾಗಿಲು ಮುಚ್ಚಿದ ಸದ್ದಿಗೆ ಅವಳು ಮುಖ ತಿರುಗಿಸಿ ಹೂ ಚಾಚುತ್ತಾಳೆ. ನಮಗೆ ಕೇಳದ ಸದ್ದನ್ನು ಅವಳ ಮುಖದಲ್ಲಿ ನಾವು ಕೇಳುತ್ತೇವೆ. ಇಂಥ ಕೆಲಸಕ್ಕೆ ಹಳತು ಹೊಸತೆಂಬ ಭೇದವಿಲ್ಲ.

ನಮ್ಮ ಊರು ಮುಂಬಯಿಯ ಹಕ್ಕೂ ಇದರಲ್ಲಿದೆ. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ ಮೂಕಿ ಚಿತ್ರ ‘ರಾಜಾ ಹರಿಶ್ಚಂದ್ರ’ ತೆರೆಕಂಡದ್ದು ಗಿರ್‌ಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ. ಅವರ ‘ಕಾಳಿಯ ಮರ್ದನ’ದಲ್ಲಿ (1919) ಬಾಲಕೃಷ್ಣನಾದವಳು ಅವರ ಮಗಳು ಮಂದಾಕಿನಿ. ಕಥೆಗೆ ಮೊದಲು ಆ ಹುಡುಗಿ ವೇಷವಿಲ್ಲದೆ ಕ್ಯಾಮೆರಾದ ಎದುರು ಒಂದೊಂದೇ ಭಾವವನ್ನು ಮುಖದಲ್ಲಿ ತಂದು ತೋರಿಸುತ್ತಾಳೆ. ಭಾರತದ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿರುವಾಗ ಇದು ಉಳಿದಿರುವುದು ನಮ್ಮ ಪುಣ್ಯ. ಮಗಳಿಗೆ ಖಂಡಿತ ತೋರಿಸಿ.

ಉತ್ತರ: ಪುಣೆಯ ಓದುಗ

ಮುಖದ ಮಾತು ಒಪ್ಪಿದೆ. ಆದರೆ ಅದಕ್ಕೊಂದು ಷರತ್ತಿದೆ: ಚಿತ್ರ ಸರಿಯಾದ ವೇಗದಲ್ಲಿ ಓಡಬೇಕು. ಆಗಿನ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಚೌಕಟ್ಟುಗಳ (ಫ್ರೇಮ್‌ಗಳ) ಆಸುಪಾಸಿನಲ್ಲಿ ತೆಗೆದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ತುರುತುರು ಓಡಾಡುವಂತೆ ಕಂಡು ಅಭಿನಯದ ಸೂಕ್ಷ್ಮವೆಲ್ಲ ಅಳಿಸಿಹೋಗುತ್ತದೆ. ನಗೆಚಿತ್ರದವರು ಕೆಲವೆಡೆ ಬೇಕೆಂದೇ ವೇಗ ಹೆಚ್ಚಿಸಿದ್ದುಂಟು, ಅದು ಬೇರೆ. ಆದ್ದರಿಂದ ಅಂತರ್ಜಾಲದಲ್ಲಿ ಮೊದಲು ಸಿಕ್ಕಿದ ಪ್ರತಿಯನ್ನು ಹಾಕದೆ, ದುರಸ್ತಿ ಮಾಡಿ ವೇಗ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ‘ದಿ ಗೋಲ್ಡ್ ರಷ್’ಗೆ ಚಾಪ್ಲಿನ್ 1942ರಲ್ಲಿ ತನ್ನ ದನಿಯಲ್ಲೇ ಇಂಗ್ಲಿಷ್ ನಿರೂಪಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದ, ತಮ್ಮ ಮನೆಗೆ ಬೇಕಾದದ್ದು 1925ರ ಮೂಲ ಪ್ರತಿ. ಅದರಲ್ಲಿ ನಡುನಡುವೆ ಬರುವ ಬರಹದ ಪಟ್ಟಿಗಳನ್ನು ಮಗಳೇ ಅಜ್ಜಿಗೆ ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಲಿ.