ಗಾಳಿಯಾಡದ ಕಡೆಗೆ ಮಾತ್ರೆ

"ಹೊಟ್ಟೆ ಯಾಕೋ ಗುರ್ ಅಂತಿದೆ" ಅಂದ ನಾಗು. ಅಂದದ್ದೇ ತಡ, ಗೋಪಣ್ಣನ ಕೈ ಜೇಬಿಗೆ ಹೋಯಿತು. ಹೊರಬಂದದ್ದು ಮೆಟ್ರೊನಿಡಜೋಲ್ ಅನ್ನೋ ಸೋಂಕಿನ ಮಾತ್ರೆಯ ಅರ್ಧ ಪಟ್ಟಿ. ತಾರೀಕು ಇದ್ದ ಮೂಲೆಯನ್ನೇ ಯಾರೋ ಕತ್ತರಿಸಿದ್ದರು.

"ಒಂದು ನುಂಗು, ಸಂಜೆಯೊಳಗೆ ಸರಿಹೋಗ್ತದೆ."

"ಯಾತಕ್ಕೆ ಕೊಡ್ತಿದ್ದೀ?" ಸರೋಜಕ್ಕ ಕನ್ನಡಕ ಏರಿಸಿದಳು.

"ಹೊಟ್ಟೆಗೆ."

"ಹೊಟ್ಟೆ ಇರೋದೇ ಒಂದು ಕಾಯಿಲೆಯಾ? ಅಮೀಬಾ ಇದ್ದರೆ ಕೊಡ್ತಾರೆ, ಜಿಯಾರ್ಡಿಯಾ ಅನ್ನೋ ಕರುಳಿನ ಕ್ರಿಮಿ ಇದ್ದರೆ ಕೊಡ್ತಾರೆ. ಅದನ್ನ ನೀನು ಜೇಬಿನಲ್ಲೇ ಪರೀಕ್ಷೆ ಮಾಡಿದ್ಯಾ?"

"ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ, ಸರೋಜಕ್ಕ!"

"ಗೋಪಣ್ಣನ ಜೇಬಿಗೆ ಅತ್ಯಗತ್ಯ ಅಂತ ಅದರಲ್ಲಿಲ್ಲ."

ಗೋಪಣ್ಣ ಸೋಲುವವನಲ್ಲ. ಎಲ್ಲೆಲ್ಲೋ ಓದಿಕೊಂಡು ಬಂದಿರ್ತಾನೆ. ಓದಿದ್ದು ನಿಜವೇ ಇರ್ತದೆ, ಅದೇ ಕಷ್ಟ. "1962ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಟ್ರೈಕೊಮೊನಾಸ್ ಅನ್ನೋ ಕ್ರಿಮಿಯಿಂದ ಆಗೋ ಯೋನಿಯ ಸೋಂಕಿಗೆ ಅಂತ ಒಬ್ಬ ಹೆಂಗಸಿಗೆ ಇದನ್ನ ಕೊಟ್ಟರೆ ಅವಳ ವಸಡಿನ ಹುಣ್ಣೂ ವಾಸಿಯಾಯ್ತಂತೆ. ಕೆಳಗಡೆಗೆ ಕೊಟ್ಟದ್ದು ಮೇಲುಗಡೆಗೂ ಹತ್ತಿತು! ಎಲ್ಲಕ್ಕೂ ಆಗ್ತದೆ ಅನ್ನೋಕೆ ಇನ್ನೇನು ಬೇಕು?"

"ಎರಡು ಕಡೆಯೂ ಇದ್ದದ್ದು ಆಮ್ಲಜನಕ ಕಂಡರಾಗದ ಜೀವಿಗಳು ಕಣೋ. ಈ ಮಾತ್ರೆ ತಾನಾಗಿ ಸಾಧು. ಗಾಳಿಯಿಲ್ಲದೆ ಬದುಕೋ ಕ್ರಿಮಿಯೊಳಗೆ ಹೊಕ್ಕರೆ, ಆ ಕ್ರಿಮಿಯೇ ಇದನ್ನ ವಿಷ ಮಾಡಿಕೊಂಡು ತನ್ನ ಡಿಎನ್‌ಎ ಚಿಂದಿ ಮಾಡಿಕೊಳ್ತದೆ. ಗಾಳಿ ಉಸಿರಾಡೋ ಬ್ಯಾಕ್ಟೀರಿಯಾಗೆ ಇದು ಬಂದದ್ದೂ ತಿಳಿಯಲ್ಲ, ಹೋದದ್ದೂ ತಿಳಿಯಲ್ಲ."

"ಹಾಗಾದ್ರೆ ನೆಗಡಿಗೆ?" ನಾಗು ಕೇಳಿದ.

"ಅದು ವೈರಸ್ಸು, ಅದಕ್ಕೆ ಇದರ ಪರಿಚಯವೇ ಇಲ್ಲ."

"ತಲೆನೋವಿಗೆ?" ಗೋಪಣ್ಣ ಬಿಡಲಿಲ್ಲ.

"ಬೇರೆಯವರಿಗೆ ಉಪಯೋಗವಿಲ್ಲ. ನಿನ್ನ ತಲೆಯೊಳಗೆ ಗಾಳಿಯಾಡಿ ಎಷ್ಟು ಕಾಲವಾಯ್ತೋ, ನಿನಗೊಬ್ಬನಿಗೆ ನಾಟಿದರೂ ನಾಟೀತು."

ನಾಗು ನಕ್ಕ. ಗೋಪಣ್ಣ ನಗಲಿಲ್ಲ. ಪಟ್ಟಿಯ ಬೆಳ್ಳಿಕಾಗದವನ್ನು ಉಗುರಿನಿಂದ ಸವರುತ್ತಾ, "ಇದು ಶಾರದೆಯದು" ಅಂದ. "ಡಾಕ್ಟರು ಏಳು ದಿನಕ್ಕೆ ಬರೆದಿದ್ರು. ಮೂರು ದಿನಕ್ಕೇ ಚೇತರಿಸಿಕೊಂಡಳು. 'ಉಳಿದದ್ದು ನಿಮಗಿರಲಿ' ಅಂತ ಎತ್ತಿಟ್ಟಳು. ಯಾರಿಗೂ ಅನುಮಾನ ಬರಬಾರದು ಅಂತ ತಾರೀಕು ಕತ್ತರಿಸಿದ್ದೂ ಅವಳೇ."

ಅರ್ಧಕ್ಕೆ ಬಿಟ್ಟರೆ ಸೋಂಕು ಮರುಕಳಿಸೀತು ಎಂಬ ಪಾಠ ಸರೋಜಕ್ಕನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡಳು. "ಪಟ್ಟಿ ಇಟ್ಟುಕೋ ಗೋಪಣ್ಣ. ಮಾತ್ರೆ ಮಾತ್ರ ಯಾರಿಗೂ ಕೊಡಬೇಡ" ಅಂದಳು.

"ಅದು... ನಾನು ಆಗಲೇ ಒಂದು ನುಂಗಿಬಿಟ್ಟೆ" ಅಂದ ನಾಗು. "ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ."

"ಇನ್ನು ಮೂರು ದಿನ ಗುಂಡು ಮುಟ್ಟೋ ಹಾಗಿಲ್ಲ. ಮುಟ್ಟಿದರೆ ವಾಂತಿ, ಎದೆಬಡಿತ ಎಲ್ಲಾ ಬರಬಹುದು."

"ಮೊದಲೇ ಹೇಳಬಾರದಿತ್ತಾ ಅಕ್ಕಾ? ಹೊಟ್ಟೆ ಗುರ್ ಅಂದದ್ದೇ ನಿನ್ನೆ ರಾತ್ರಿಯ ಗುಂಡಿನಿಂದ!"