ಅಪ್‌ಡೇಟ್: ಸಕ್ಕರೆ ಅಚ್ಚು ಈಗ ಮುರಿಯದೆ ಬರ್ತಿದೆ

ಸಂಕ್ರಾಂತಿಯ ಸಕ್ಕರೆ ಅಚ್ಚು ಅಂಟಂಟಾಗಿ, ಆನೆಯ ಸೊಂಡಿಲು ಅಚ್ಚಲ್ಲೇ ಉಳೀತಿದೆ ಅಂತ ಕೇಳಿದ್ದೆ. ತಪ್ಪು ಎರಡಿತ್ತು. ಒಂದು, ಪಾಕಕ್ಕೆ ಹಿಂಡಿದ ಅರ್ಧ ಹೋಳು ನಿಂಬೆ. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟೋದೇ ಇಲ್ಲ. ಕೊಳೆ ತೆಗೆಯೋಕೆ ಅರ್ಧ ಕೆಜಿ ಸಕ್ಕರೆಗೆ 2 ಚಮಚ ಹಾಲು ಸಾಕು; ನೊರೆ ಬಂದಮೇಲೆ ಬಟ್ಟೆಯಲ್ಲಿ ಸೋಸಿ. ಇನ್ನೊಂದು, ಒಣ ಅಚ್ಚು. ಮರದ ಅಚ್ಚನ್ನು 2 ಗಂಟೆ ನೀರಲ್ಲಿ ನೆನೆಸಿ, ಕೊಡವಿ, ಅದರ ಭಾಗಗಳನ್ನ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದರೆ ಸೊಂಡಿಲೂ ಸಲೀಸಾಗಿ ಬಿಡುತ್ತೆ.

ಒಂದ್ಸಲಕ್ಕೆ ಒಂದೇ ಸೌಟು ಪಾಕ ಕಾಯಿಸಿ, ಆಸೆ ಬೇಡ. ಎಳೆ ಬಂದಾಗ ಇಳಿಸಿ, ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವಿ. ಹಾಲಿನಂತೆ ಬೆಳ್ಳಗಾದ ತಕ್ಷಣ ಹುಯ್ಯಿರಿ. ಪಾತ್ರೆಯಲ್ಲೇ ಕಟ್ಟಿಕೊಂಡ್ರೆ ಚೂರು ನೀರು ಹಾಕಿ ಮತ್ತೆ ಕಾಯಿಸಬಹುದು.